ದೋಣಿಯವಳು ಹೇಳಿದ ‘ಇಲ್ಲ’

“ಚೆಂದ ಇದ್ದಾಳೆ. ಆದ್ರೆ ಜೀವ ಇಲ್ಲ!”

ಹೊಸ ಮೇಷ್ಟ್ರು ಚಿರಂತ್ ಬೆಚ್ಚಿ ತಿರುಗಿದ. ಎರಡು ತಿಂಗಳು ಕಣ್ಣು ಕೆಂಪು ಮಾಡಿಕೊಂಡು ಕಂಪ್ಯೂಟರಿನಲ್ಲಿ ಮಾಡಿದ ಹುಡುಗಿ. ಬಾಗಿಲಲ್ಲಿ ನಿಂತವಳು ಒಂದೇ ಮಾತಿನಲ್ಲಿ ಅವಳನ್ನು ಮುಗಿಸಿಬಿಟ್ಟಳಲ್ಲ!

“ಏನು ಕಡಿಮೆ ಆಗಿದೆ ಮೇಡಂ?”

“ಇವಳಿಗೆ ಏನು ಬೇಕು? ಯಾವುದಕ್ಕೆ ಹೆದರ್ತಾಳೆ? ಅದು ಗೊತ್ತಿಲ್ದೆ ಎಷ್ಟು ಸಿಂಗಾರ ಮಾಡಿದ್ರೂ ಗೊಂಬೆನೇ. ನೀವು ದಾವಣಗೆರೆಯವರು ಅಂತ ಆಫೀಸಲ್ಲಿ ಹೇಳಿದ್ರು. ನಾನು ಪ್ರಣೀತಾ. ಕಥೆ ಕಲಿಸ್ತೀನಿ.”

ಸಿಟ್ಟು ಬರಬೇಕಿತ್ತು. ಆದರೆ ದೆಹಲಿಗೆ ಬಂದ ಮೇಲೆ ಕನ್ನಡದಲ್ಲಿ ಬೈಸಿಕೊಂಡದ್ದು ಇದೇ ಮೊದಲು... ಅವನಿಗೆ ನಗು ಬಂತು.

ಅದು 2008. ದೆಹಲಿಯ ಓಖ್ಲಾದಲ್ಲಿ ಕೆಳಗೆ ಗಾರ್ಮೆಂಟ್ಸ್, ಮೇಲೆ ಇವರ ಇನ್‌ಸ್ಟಿಟ್ಯೂಟ್. ಕಂಪ್ಯೂಟರಿನೊಳಗೆ ಒಂದು ಊರು ಕಟ್ಟಿದ್ದರು. ವಿದ್ಯಾರ್ಥಿಗಳು ತಾವೇ ಮಾಡಿದ ಪಾತ್ರಗಳಾಗಿ ಆ ಊರಲ್ಲಿ ಓಡಾಡಿ, ಟೈಪ್ ಮಾಡಿ ಮಾತಾಡುತ್ತಾ ಕಥೆ ಬೆಳೆಸಬೇಕು. ರೂಪ ಕೊಡುವುದನ್ನು ಚಿರಂತ್ ಕಲಿಸುತ್ತಿದ್ದ, ಮನಸ್ಸು ಕೊಡುವುದನ್ನು ಪ್ರಣೀತಾ.

ಅವಳದೊಂದು ನಿಯಮವಿತ್ತು. ಕಥೆಯಲ್ಲಿ ಯಾರು ಏನೇ ಕೇಳಲಿ, ಪಾತ್ರದ ಮೊದಲ ಉತ್ತರ ‘ಇಲ್ಲ’! ತಕ್ಷಣ ಒಪ್ಪಿಬಿಟ್ಟರೆ ಕಥೆ ಅಲ್ಲೇ ಮುಗಿಯಿತು.

ಆರು ತಿಂಗಳಲ್ಲಿ ಇಬ್ಬರ ಊಟ ಒಂದೇ ಮೇಜಿಗೆ ಬಂತು. ಅವಳಪ್ಪ ರತ್ನಾಕರರ ಹೋಟೆಲಿನ ನೀರ್‌ದೋಸೆ ಎರಡು ಪಾಲಾಯಿತು.

‘ಇವರು ಇಷ್ಟ ಅಂತ ಒಂದು ಮಾತು ಹೇಳಬಾರದೇ...’ ಎಂದು ಪ್ರಣೀತಾ ಅಂದುಕೊಳ್ಳುತ್ತಿದ್ದಳು. ಪಾತ್ರಗಳ ಮನಸ್ಸನ್ನೆಲ್ಲ ಓದುವವಳಿಗೆ ಎದುರಿಗೆ ಕೂತು ಉಣ್ಣುವವನ ಮನಸ್ಸು ತಿಳಿಯಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಇದಕ್ಕೇ!

ಒಂದು ಶುಕ್ರವಾರ ಮಕ್ಕಳಿಗೆ ಮಾದರಿ ತೋರಿಸಬೇಕಿತ್ತು. ಪ್ರಣೀತಾ ದೋಣಿ ನಡೆಸುವ ಜಲಜಾ ಆದಳು, ಚಿರಂತ್ ಯಾತ್ರಿಕನಾದ. ಯಾತ್ರಿಕ ‘ದಡ ದಾಟಿಸು’ ಎಂದು ಕೇಳಬೇಕು, ಅಷ್ಟೇ. ಪರದೆಯ ಮೇಲೆ ಬೇರೆಯೇ ಮೂಡಿತು. (ಹಿಂದಿಯಲ್ಲಿತ್ತು, ನಿಮಗೆ ಕನ್ನಡದಲ್ಲಿ ಹೇಳುತ್ತಿದ್ದೇನೆ.)

“ದಡ ಬೇಡ. ದಿನಾ ನಿನ್ನ ಜೊತೆ ಊಟ ಮಾಡೋ ಭಾಗ್ಯ ಸಾಕು. ನನ್ನ ಮದುವೆ ಆಗ್ತೀಯಾ?”

ಕ್ಲಾಸೆಲ್ಲ ಹೋ ಎಂದಿತು. ‘ಅಬ್ಬಾ, ಎಂಥ ತಿರುವು ಕೊಟ್ಟರು!’ ಎಂದು ಪ್ರಣೀತಾಗೆ ಮೇಷ್ಟ್ರ ಜಾಣತನ ಕಂಡಿತೇ ಹೊರತು ಮನಸ್ಸು ಕಾಣಲಿಲ್ಲ. ಹುರುಪಿನಲ್ಲಿ ಬೆರಳು ಓಡಿತು.

“ಇಲ್ಲ. ನಿನ್ನಂಥವರು ದಿನಕ್ಕೆ ಹತ್ತು ಜನ ಈ ನದಿ ದಾಟ್ತಾರೆ!”

ಚಪ್ಪಾಳೆಯೋ ಚಪ್ಪಾಳೆ. ಪರದೆಯ ಮೇಲಿನ ಯಾತ್ರಿಕ ಮಾತ್ರ ಅಲ್ಲಾಡಲಿಲ್ಲ.

“ಮುಂದುವರಿಸಿ ಸರ್!” ಎಂದು ಮಕ್ಕಳು ಕೂಗಿದರು.

“ತಲೆನೋವು...” ಎಂದು ಚಿರಂತ್ ಎದ್ದು ಹೋದ.

ಮುಂದಿನ ವಾರವೆಲ್ಲ ಅವನು ಊಟದ ಮೇಜಿಗೆ ಬರಲಿಲ್ಲ. ಶುಕ್ರವಾರ ಮಧ್ಯಾಹ್ನ, ದೆಹಲಿಯಲ್ಲೇ ಬೆಳೆದ ಕನ್ನಡದ ವಿದ್ಯಾರ್ಥಿನಿ ಅದಿತಿ ಓಡಿಬಂದಳು.

“ಮ್ಯಾಮ್, ಸರ್ ಜಾ ರಹೇ ಹೈಂ! ಬಿಟ್ಟು ಹೋಗ್ತಿದ್ದಾರೆ! ಗುರ್‌ಗಾಂವ್‌ನಲ್ಲಿ ಜಾಬ್ ಅಂತೆ. ಆವತ್ತು ನಾನು ಅವರ ಪಕ್ಕಾನೇ ಕೂತಿದ್ದೆ... ಟೈಪ್ ಮಾಡುವಾಗ ಕೈ ನಡುಗ್ತಿತ್ತು. ಆಕ್ಟಿಂಗ್‌ಗೆ ಯಾಕೆ ಮ್ಯಾಮ್ ಕೈ ನಡುಗುತ್ತೆ?”

ಆವತ್ತು ಕೇಳಿದ್ದು ಯಾತ್ರಿಕನಲ್ಲ, ಚಿರಂತನೇ ಎಂದು ಪ್ರಣೀತಾಗೆ ಹೊಳೆಯಿತು. ಅಯ್ಯೋ... ನಾನು ಏನು ಮಾಡಿಬಿಟ್ಟೆ!

ಮೆಟ್ಟಿಲು ಇಳಿದು ಓಡಿದಳು. ರಟ್ಟಿನ ಪೆಟ್ಟಿಗೆ ಹಿಡಿದು ಅವನು ಆಟೋ ಹತ್ತುತ್ತಿದ್ದ.

“ಚಿರಂತ್! ಅದು ಜಲಜಾ ಹೇಳಿದ್ದು... ನಾನಲ್ಲ!”

“‘ಇಲ್ಲ’ ಅನ್ನೋದು ನಿಯಮ, ಗೊತ್ತು. ಆದ್ರೆ ಹತ್ತು ಜನ ಅಂದ್ರಲ್ಲ ಮೇಡಂ... ಅದನ್ನ ಯಾವ ನಿಯಮನೂ ಹೇಳಿಸಲಿಲ್ಲ.”

ಅವಳ ಕಣ್ಣು ತುಂಬಿತು. “ಮಕ್ಕಳು ನಗಲಿ ಅಂತ ಬರೆದೆ. ನೀವು ಪಾತ್ರದ ಹಿಂದೆ ನಿಂತು ಕೇಳಿದ್ರಿ, ನನಗೆ ಕಾಣಲಿಲ್ಲ. ನಾನು ಹಾಗೆ ನಿಲ್ಲಲ್ಲ. ಈ ವಾರ ನನಗೆ ಊಟ ಸೇರಿಲ್ಲ. ನೀವಂದ್ರೆ ನನಗೆ ತುಂಬಾ ಇಷ್ಟ ಚಿರಂತ್... ನನ್ನ ಮದುವೆ ಆಗ್ತೀರಾ?”

ಅವನು ಪೆಟ್ಟಿಗೆ ಕೆಳಗಿಟ್ಟ. ಹೂಂ ಎಂದು ತಲೆಯಾಡಿಸಿದ.

“ಚಲ್ನಾ ಹೈ ಯಾ ನಹೀಂ?” ಹೊರಡೋದಾ ಇಲ್ಲವಾ ಎಂದು ಆಟೋದವನು ರೇಗಿದ.

“ಏಕ್ ಮಿನಿಟ್ ಭಯ್ಯಾ!” ಎಂದರು ಇಬ್ಬರೂ.

“ಕೆಲಸಕ್ಕೆ ಒಪ್ಪಿಬಿಟ್ಟಿದ್ದೀನಿ...” ಅವನ ದನಿ ಸಣ್ಣಗಾಯಿತು.

“ಹೋಗಿ. ಗುರ್‌ಗಾಂವ್ ಏನು ಪರದೇಶವಾ? ಭಾನುವಾರ ಹೋಟೆಲಿಗೆ ಬನ್ನಿ. ಅಪ್ಪನ ಹತ್ರ ಮಾತಾಡ್ಬೇಕು.”

“ಅವರು ಏನು ಕೇಳ್ತಾರೆ?”

“ಮೊದಲು, ಊಟ ಆಯ್ತಾ ಅಂತ.”

“ಆಮೇಲೆ?”

ಅವಳು ಅವನ ಕೈ ಹಿಡಿದುಕೊಂಡಳು.

“ಆಮೇಲೆ... ನಾನಿದ್ದೀನಲ್ಲ.”