ನಡುವಿನ ಹಲ್ಲು

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಸೇಡಂ ಠಾಣೆಗೆ ದೂರು ಬಂತು. ದೂರುದಾರಳು ಮಳಖೇಡದ ರತ್ನಾಬಾಯಿ. ಜೊತೆಗೆ ಅವಳ ತಮ್ಮ ರೇವಣಪ್ಪ, ರಾವೂರಿನ ಕಲ್ಲುಗಣಿಯ ಮೇಸ್ತ್ರಿ. ಟವೆಲ್ಲಿನ ತುದಿಯನ್ನು ಬಾಯಿಗೆ ಹಿಡಿದುಕೊಂಡೇ ಅಕ್ಕನ ಪಾಲಿನ ಮಾತನ್ನೂ ತಾನೇ ಆಡುತ್ತಿದ್ದ.

"ಆ ಡಾಕ್ಟರಗ ಒಳಗ ಹಾಕ್ರಿ ಸಾಹೇಬ್ರ. ಹುಡುಗಿ ಬಾಳೇ ಹಾಳ ಮಾಡ್ಯಾನ."

"ಆಕಿ ಹೇಳ್ಲಿ," ಎಂದರು ಇನ್‌ಸ್ಪೆಕ್ಟರ್ ಅಶೋಕಕುಮಾರ.

ರತ್ನಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಹ್ವಾದ ವರ್ಷ ಮಗಳು ಭಾಗ್ಯಶ್ರೀದು ಎಡಗಡಿ ದವಡಿ ಬಾತಿತ್ರಿ. ಡಾಕ್ಟರ್ ಪವಮಾನ ಎಕ್ಸ್‌ರೇ ತಗದು ಏನೂ ಇಲ್ಲ ಅಂದಾರ. ಲಗ್ನ ಮಾಡಿ ಚಿಂಚೋಳಿಗಿ ಕೊಟ್ಟೆವು. ಮೊನ್ನಿ ರೊಟ್ಟಿ ಕಡಿಲಿಕ್ಕಿ ಹೋಗಿ ದವಡಿ ಲಟಕ್ಕನ ಮುರೀತು. ಗಡ್ಡಿ ಎಲುಬೆಲ್ಲ ತಿಂದದಂತ. ಅರ್ಧ ದವಡಿ ತಗೀಬೇಕು ಅಂತಾರ ಕಲಬುರಗಿ ದವಾಖಾನ್ಯಾಗ."

"ಏನೂ ಇಲ್ಲ ಅಂತ ಡಾಕ್ಟರ್ ನಿಮಗೇ ಹೇಳಿದ್ರಾ?"

"ನನ್ನ ತಮ್ಮಗ ಹೇಳ್ಯಾರ. ಇವನೇ ಕರಕೊಂಡು ಹೋಗಿದ್ದ."

ಎಫ್‌ಐಆರ್ ದಾಖಲಾಯಿತು. ಇಪ್ಪತ್ತರ ಹುಡುಗಿಯ ಮುಖ ಹಾಳಾಯಿತಲ್ಲ ಎಂದು ಅಶೋಕಕುಮಾರರಿಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ತಜ್ಞರ ಅಭಿಪ್ರಾಯವಿಲ್ಲದೆ ವೈದ್ಯರನ್ನು ಬಂಧಿಸುವಂತಿಲ್ಲ. ರತ್ನಾಬಾಯಿಯ ಮನೆಯ ಟ್ರಂಕಿನಲ್ಲಿದ್ದ ಎಕ್ಸ್‌ರೇಯನ್ನು ಪಂಚರ ಸಮಕ್ಷಮ ವಶಕ್ಕೆ ಪಡೆದು, ಹೆಡ್ ಕಾನ್‌ಸ್ಟೇಬಲ್ ಭಗವಂತನೊಡನೆ ಡಾಕ್ಟರ ಕ್ಲಿನಿಕ್ಕಿಗೆ ಹೋದರು.

ಪವಮಾನ ಅದನ್ನು ಬೆಳಕಿಗೆ ಹಿಡಿದು ನೋಡಿದವರೇ ತಲೆಯಾಡಿಸಿದರು. "ಇದು ಆ ಹುಡುಗೀದಲ್ಲ."

ಕಂಪ್ಯೂಟರಿನಲ್ಲಿ ಅವಳ ಚಿತ್ರ ತೆರೆದರು. ಎಡಗಡೆ ಕೆಳದವಡೆಯೊಳಗೆ ಬುದ್ಧಿಹಲ್ಲೊಂದು ಹೊರಬಾರದೆ ಅಡ್ಡ ಮಲಗಿತ್ತು. ಅದರ ಸುತ್ತ ನಿಂಬೆಹಣ್ಣಿನಷ್ಟು ಕಪ್ಪು. ಅದು ನೀರು ತುಂಬಿದ ಗಡ್ಡೆ, ಎಲುಬನ್ನು ಒಳಗಿಂದೊಳಗೇ ಸವೆಸುತ್ತದೆ ಎಂದರು ಡಾಕ್ಟರು. ಟ್ರಂಕಿನ ಫಿಲ್ಮಿನಲ್ಲಿ ನಾಲ್ಕೂ ಬುದ್ಧಿಹಲ್ಲು ನೆಟ್ಟಗೆ ಬಂದಿದ್ದವು. ಮೇಲಿನ ಎರಡು ಮುಂಬಲ್ಲುಗಳ ನಡುವೆ ಮಾತ್ರ ಚೂಪಾದ ಪುಟ್ಟ ಹಲ್ಲೊಂದು ಹೆಚ್ಚಿಗೆ ಇತ್ತು. ಹೆಸರಿರಬೇಕಾದ ಮೂಲೆಯನ್ನು ಯಾರೋ ಕತ್ತರಿಸಿದ್ದರು.

"ತಿಂಗಳದಾಗ ಆ ಹಲ್ಲು, ಗಡ್ಡಿ ಎರಡೂ ತಗಸ್ರಿ, ಇಲ್ಲಂದ್ರ ದವಡಿ ಮುರೀತದ ಅಂತ ಹೇಳಿದ್ದೆ."

"ಯಾರಿಗಿ?"

"ಅವರ ಮಾಮಾಗ. ಹುಡುಗಿ ಅಂಜ್ತಾಳ, ಹೊರಗ ಕೂಡಸ್ರಿ ಅಂದ್ರು."

"ದವಡಿ ಯಾರದ್ರಿ ಡಾಕ್ಟರ್?"

ಪವಮಾನ ತಲೆ ತಗ್ಗಿಸಿದರು. ಕಲಿತವರ ಈ ಸಂಕೋಚ ಕಂಡರೆ ಅಶೋಕಕುಮಾರರಿಗೆ ಆಗುವುದೇ ಇಲ್ಲ. ಮದುವೆಯ ವಯಸ್ಸಿಗೆ ಬಂದ ಹುಡುಗಿಗೆ ತನ್ನ ಬಾಯಿಯ ಸುದ್ದಿ ಕೇಳುವ ವಯಸ್ಸು ಮಾತ್ರ ಬಂದಿರಲಿಲ್ಲವೇನೋ!

ಸಂಜೆ ರತ್ನಾಬಾಯಿಯನ್ನು ಕ್ಲಿನಿಕ್ಕಿಗೆ ಕರೆಸಿ ಫಿಲ್ಮನ್ನು ದೀಪದ ಮುಂದೆ ಹಿಡಿದರು. "ಮಗಳ ಎಕ್ಸ್‌ರೇ ಅಂತ ಮನ್ಯಾಗ ಇಟ್ಟಿದ್ದು ಇದೇ ಏನು?"

"ಹೌದ್ರಿ. ಟ್ರಂಕಿನ್ಯಾಗ ಇಡು ಅಂತ ತಮ್ಮ ಕೊಟ್ಟಿದ್ದ. ಬೆಳಕಿಗಿ ಹಿಡದು ನೋಡೇ ಇಲ್ಲ." ಹತ್ತಿರ ಬಂದಳು. ಅವಳ ಬೆರಳು ನಡುವಿನ ಪುಟ್ಟ ಹಲ್ಲಿನ ಮೇಲೆ ನಿಂತಿತು. "ಇದು... ಇದು ನಮ್ಮ ರೇವಣಂದು. ಸಣ್ಣವರಿದ್ದಾಗ 'ನಡುಹಲ್ಲ್ಯಾ' ಅಂತ ಕಾಡ್ತಿದ್ದೆ ಸಾಹೇಬ್ರ. ಅತ್ತು ಬಿಡ್ತಿದ್ದ."

"ಅವನ ಲಗ್ನ ಯಾವಾಗ ಆಯ್ತವ್ವಾ?"

"ಮಗಳದು, ಇವಂದು ಒಂದೇ ಹಂದರದಾಗ. ಸಾಟಿ ಲಗ್ನರಿ. ನನ್ನ ಮಗಳು ಆ ಮನಿಗಿ, ಆ ಮನಿ ಮಗಳು ಇವನಿಗಿ." ಹೇಳುತ್ತ ಹೇಳುತ್ತಲೇ ಅವಳಿಗೆ ಎಲ್ಲ ಹೊಳೆಯಿತು. ಫಿಲ್ಮಿನ ಮೇಲಿನ ಬೆರಳನ್ನು ಹಿಂದಕ್ಕೆ ಎಳೆದುಕೊಂಡಳು.

ಮರುದಿನ ಭಗವಂತ ರಾವೂರಿಗೆ ಹತ್ತಿರದ ಶಹಾಬಾದಿನ ಹಲ್ಲಿನ ದವಾಖಾನೆಗಳನ್ನೆಲ್ಲ ಸುತ್ತಿದ. ಒಂದರಲ್ಲಿ ಅದೇ ಚಿತ್ರ ರೇವಣಪ್ಪನ ಹೆಸರಿನಲ್ಲಿ ಸಿಕ್ಕಿತು. ಹೆಣ್ಣು ನೋಡಲು ಹೋಗುವ ಮೊದಲು ನಡುವಿನ ಹಲ್ಲು ಕೀಳಿಸಲು ಹೋಗಿ, ಸೂಜಿ ಕಂಡು ಹೆದರಿ ಎದ್ದು ಬಂದಿದ್ದನಂತೆ. ಬುಧವಾರ ಮಧ್ಯಾಹ್ನ ರಾವೂರಿನ ಗಣಿಯಲ್ಲಿ ಅವನನ್ನು ಬಂಧಿಸಿದರು.

"ಟವೆಲ್ ತಗಿ," ಎಂದರು ಅಶೋಕಕುಮಾರ.

ತೆಗೆದ. "ಎಷ್ಟೋ ಮನಿಯವರು ಈ ಬಾಯಿ ನೋಡಿ ಹೊಳ್ಳಿ ಹೋಗ್ಯಾರ್ರಿ. ನಲವತ್ತಕ್ಕ ಬಂದಿದ್ದೆ. ಭಾಗ್ಯಾನ ಮಾರಿ ಕೊಯ್ದ್ರ ಆಕಿ ಲಗ್ನ ನಿಲ್ತಿತ್ತು. ಆಕೀದು ನಿಂತ್ರ ನಂದೂ ನಿಂತಂಗ. ಲಗ್ನ ಆದಮ್ಯಾಲ ಹೇಳೂಣು ಅಂದಿದ್ದೆ."

"ಯಾಕ ಹೇಳ್ಲಿಲ್ಲ?"

"ಗಂಡನ ಮನಿಯವರು ಆಕಿಗಿ ತವರಿಗಿ ಕಳಸಿದ್ರ ನನ್ನ ಹೆಣ್ತೀನೂ ಹೋಗ್ತಿದ್ಳು."

"ಮತ್ತ ಡಾಕ್ಟರ್ ಮ್ಯಾಲ ದೂರು?"

"ಅಕ್ಕ ಹಟ ಹಿಡದಳು. ಬ್ಯಾಡಂದ್ರ ನನ್ನ ಮ್ಯಾಲೇ ಸಂಶೆ ಬರ್ತಿತ್ತು."

ಸಂಜೆ ರತ್ನಾಬಾಯಿ ಮರುಹೇಳಿಕೆ ಕೊಟ್ಟು ಹೆಬ್ಬೆಟ್ಟು ಒತ್ತಿದಳು. ಹೋಗುವಾಗ ಲಾಕಪ್ಪಿನ ಮುಂದೆ ನಿಂತಳು. ಬಯ್ಯುತ್ತಾಳೆಂದು ಭಗವಂತ ಹತ್ತಿರ ಬಂದ. ಅವಳು ಬಯ್ಯಲಿಲ್ಲ.

"ನಾಳಿ ಆಪರೇಷನ್ ಅದ ರೇವಣ. ಆಕಿಗಿ ಇನ್ನಾ ಏನೂ ಹೇಳಿಲ್ಲ. ಬಾಯಿಗಿ ತಂತಿ ಬಿಗದಾರ, ಮಾತಾಡಲಿಕ್ಕಿ ಬರಲ್ಲ. ಅಂಜಿಕಿ ಬರ್ತದ, ಮಾಮಾಗ ಕರಸು ಅಂತ ಕೈಸನ್ನಿ ಮಾಡ್ಲಿಕತ್ತಾಳ. ಏನಂತ ಹೇಳ್ಲಿ?"

ರೇವಣಪ್ಪನ ಕೈ ಟವೆಲ್ಲಿಗಾಗಿ ಹೆಗಲ ಮೇಲೆ ಹುಡುಕಾಡಿತು. ಟವೆಲ್ ಇರಲಿಲ್ಲ. ಅವನು ಅಂಗೈಯಿಂದಲೇ ಬಾಯಿ ಮುಚ್ಚಿಕೊಂಡ.