ಅರ್ತ್ ಬೋಲ್ಟಿನ ಕೆಳಗಿನ ನೀಲಿ

ಹಗ್ಗ ಎಳೆದರೆ ಚೆನ್ನಾಗಿಯೇ ಸ್ಟಾರ್ಟ್ ಆಗುವ ಗೋ-ಕಾರ್ಟ್ ಅನ್ನುವ ಪುಟ್ಟ ರೇಸ್ ಗಾಡಿಯೊಂದನ್ನು ತಂದು ನಿಲ್ಲಿಸಿ, ಇದಕ್ಕೆ ಸೆಲ್ಫ್ ಸ್ಟಾರ್ಟ್ ಹಾಕಿ, ಹಿಂದೆ ಮುಂದೆ ಲೈಟ್ ಹಾಕಿ ಅಂದರೆ ಯಾರಿಗಾದರೂ ಅನುಮಾನ ಬರುತ್ತದೆ. ನನಗೆ ಅನುಮಾನ ಬರಲು ಅಷ್ಟು ದೊಡ್ಡ ಕಾರಣವೂ ಬೇಕಾಗಿರಲಿಲ್ಲ.

ನಾನು ಗಾಡಿಗಳ ವೈರಿಂಗ್ ಮಾಡುವವಳು. ಕೆಲಸ ಕಲಿಸಿದ್ದು ನನ್ನ ಸೋದರಮಾವ. ಈಗ ಅವನ ಕಣ್ಣು ಮಂಜಾಗಿದೆ. ಅಂಗಡಿಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು, ಬಂದವರನ್ನೆಲ್ಲ ಬಾಯಿ ತುಂಬ ಮಾತಾಡಿಸುತ್ತಾನೆ. ನಾನು ಒಳಗಿನಿಂದ ಅವರನ್ನು ಅಳೆಯುತ್ತೇನೆ. ಬೀದಿಯವರು ನನ್ನನ್ನು ಫ್ಯೂಸಕ್ಕ ಅನ್ನುತ್ತಾರೆ. ಬೇಗ ಉರಿದುಬಿಡುತ್ತೇನಂತೆ.

ಗಾಡಿ ತಂದವನು ಎರಡು ಬೀದಿ ಆಚೆ ಸ್ಪ್ರೇ ಪೇಂಟಿಂಗ್ ಮಾಡುವವನು. ಎತ್ತರದ ಆಳು, ಗಟ್ಟಿ ಕೈ, ಬಲಗಿವಿಯ ಹಿಂದೆ ಒರೆಸಲು ಮರೆತ ಒಂದು ಚಿಟಿಕೆ ನೀಲಿ ಬಣ್ಣ. ಕಾರ್ಟಿನ ಚಾಸಿಗೂ, ಅಂದರೆ ಅದರ ಕಬ್ಬಿಣದ ಚೌಕಟ್ಟಿಗೂ, ಅದೇ ನೀಲಿ, ಮುಖ ಕಾಣುವಷ್ಟು ಹೊಳಪು.

"ಹಗ್ಗ ಎಳೆಯೋಕೆ ಆಗದೆ ಇರೋ ಅಷ್ಟು ನಿಮ್ಮ ಕೈಗೆ ಏನಾಗಿದೆ?" ಅಂದೆ.

ಅವನು ತನ್ನ ಎರಡು ಕೈಯನ್ನೂ ತಿರುಗಿಸಿ ನೋಡಿಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಅನ್ನುವುದು ಇದಕ್ಕೇ ಅಂದುಕೊಂಡೆ.

"ನನಗಲ್ಲ ಮೇಡಂ. ಅಕ್ಕನಿಗೆ."

ಆಮೇಲೆ ಅವನು ಹೇಳಿದ ಕಥೆ ಇದು. ಅಕ್ಕ ಮೊದಲು ಕಾರ್ಟ್ ಟ್ರ್ಯಾಕಿನಲ್ಲಿ ಗಂಡಸರನ್ನೂ ಹಿಂದೆ ಹಾಕುತ್ತಿದ್ದಳಂತೆ. ಎರಡು ವರ್ಷದ ಹಿಂದೆ ಮೆಟ್ಟಿಲಿಂದ ಬಿದ್ದು ಬಲಭುಜ ಮುರಿಯಿತು. ಸ್ಟೀರಿಂಗ್ ಹಿಡಿಯುವಷ್ಟು ವಾಸಿಯಾಯಿತು, ಹಗ್ಗ ಎಳೆಯುವಷ್ಟು ಆಗಲಿಲ್ಲ. ಬೇರೆಯವರು ಎಳೆದುಕೊಟ್ಟರೆ ಓಡಿಸಬಹುದು, ಆದರೆ ಅವಳಿಗೆ ಅದು ಬೇಡ. ಅವಳ ಲ್ಯಾಬಿನ ಕೆಲಸ ಮುಗಿಯುವುದು ಸಂಜೆ. ಟ್ರ್ಯಾಕಿನ ಯಜಮಾನ, ಜನ ಹೋದ ಮೇಲೆ ಮಬ್ಬುಗತ್ತಲಲ್ಲಿ ಒಂದು ಗಂಟೆ ಓಡಿಸಿಕೋ ಅಂದಿದ್ದಾನೆ. ಅದಕ್ಕೇ ಲೈಟು.

ಕಥೆ ಚೆನ್ನಾಗಿತ್ತು. ಚೆನ್ನಾಗಿರುವ ಕಥೆಗಳನ್ನು ನಾನು ನಂಬುವುದು ಬಿಟ್ಟು ನಾಲ್ಕು ವರ್ಷವಾಗಿತ್ತು. ಆಗಲೂ ಒಬ್ಬ ಬಂದಿದ್ದ, ವೈರಿಂಗ್ ಕಲಿಯುತ್ತೇನೆ ಅಂತ. ಪಕ್ಕದಲ್ಲಿ ಕೂತು ಈ ವೈರು ಯಾವುದು, ಆ ವೈರು ಯಾವುದು ಅಂತ ಕೇಳಿ ಕೇಳಿ ನನ್ನ ತಲೆಯಲ್ಲಿದ್ದದ್ದನ್ನೆಲ್ಲ ಕಲಿತ, ಎದೆಯಲ್ಲಿದ್ದದ್ದನ್ನೂ ತಿಳಿದುಕೊಂಡ. ಆಮೇಲೆ ಮುಖ್ಯರಸ್ತೆಯಲ್ಲಿ ಸ್ವಂತ ಅಂಗಡಿ ಇಟ್ಟು, ಬೇರೆ ಯಾರನ್ನೋ ಮದುವೆಯಾದ. ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡ ಬೆಕ್ಕು ನಾನು, ಮಜ್ಜಿಗೆಯನ್ನೂ ಊದಿಯೇ ಕುಡಿಯುವುದು.

ಸಾಲದ್ದಕ್ಕೆ ಕಾರ್ಟಿನ ಸೀಟಿನ ಸಂದಿಯಲ್ಲಿ ಕೆಂಪು ಕಲ್ಲಿನ ಒಂದು ಹೇರ್ ಕ್ಲಿಪ್ ಸಿಕ್ಕಿತು. ಮಾವನಿಗೆ ತೋರಿಸಿದೆ.

"ಅಕ್ಕಂದಿರು ತಲೆಗೆ ಕ್ಲಿಪ್ ಹಾಕಬಾರದು ಅಂತ ಇದೆಯಾ?" ಅಂದ ಮಾವ.

ಕೆಲಸ ನಾಲ್ಕು ದಿನ ಹಿಡಿಯಿತು. ಎಂಜಿನ್ನಿನ ಪಕ್ಕ ಸ್ಟಾರ್ಟರ್ ಮೋಟರ್ ಕೂರಿಸಿದೆ, ಸೀಟಿನ ಹಿಂದೆ ಬ್ಯಾಟರಿ. ಎಡಗೈ ಹೆಬ್ಬೆರಳಿಗೆ ಸಿಗುವ ಹಾಗೆ ಸ್ಟೀರಿಂಗಿನ ಎಡಕ್ಕೆ ಹಸಿರು ಬಟನ್. ಮುಂದೆ ಎರಡು ಲೈಟು, ಹಿಂದೆ ಒಂದು, ಬ್ರೇಕ್ ತುಳಿದರೆ ಹೊತ್ತುವುದು ಇನ್ನೊಂದು. ದಿನಾ ಸಂಜೆ ಅವನು ಬಂದು ಕೈದೀಪ ಹಿಡಿದು ಕೂರುತ್ತಿದ್ದ. ಈ ವೈರು ಯಾವುದು ಮೇಡಂ ಅಂತ ಕೇಳುತ್ತಿದ್ದ. ಅದೇ ಪ್ರಶ್ನೆ, ಅದೇ ಜಾಗದಲ್ಲಿ ಕೂತು. ನಾನು ಮೈಯೆಲ್ಲ ಕಣ್ಣಾಗಿ ಅವನನ್ನು ಕಾಯುತ್ತಿದ್ದೆ.

ಕಾಯುವಾಗ ಕೆಲವು ಸಂಗತಿಗಳು ಕಣ್ಣಿಗೆ ಬಿದ್ದವು, ನನ್ನ ತಪ್ಪಲ್ಲ. ಅವನು ಬೆಳಕನ್ನು ನನ್ನ ಕೈ ಹೋಗುವ ಜಾಗಕ್ಕೆ ನನಗಿಂತ ಒಂದು ಕ್ಷಣ ಮೊದಲೇ ಹಿಡಿಯುತ್ತಿದ್ದ. ಹಾಗೆ ದೀಪ ಹಿಡಿಯಲು ಮಾವನಿಗೂ ಬರುವುದಿಲ್ಲ. ನಗು ಬಂದರೆ ಕೆಳಗೆ ನೋಡಿ ನಗುತ್ತಿದ್ದ. ಕಿವಿಯ ಹಿಂದಿನ ನೀಲಿ ಎರಡನೆಯ ದಿನ ಹೋಗಿತ್ತು, ಮೂರನೆಯ ದಿನ ಅಲ್ಲಿ ಹಳದಿ ಇತ್ತು.

ಕೊನೆಯ ದಿನ ಬ್ಯಾಟರಿಯ ಕಪ್ಪು ಕೇಬಲ್ಲನ್ನು ಚಾಸಿಗೆ ಬೋಲ್ಟ್ ಮಾಡುತ್ತಿದ್ದಾಗ ಅವನು ಮೆಲ್ಲಗೆ ಕೇಳಿದ, "ಬೋಲ್ಟ್ ಟೈಟ್ ಮಾಡುವಾಗೆಲ್ಲ ಕೆಳತುಟಿ ಯಾಕೆ ಕಚ್ಚಿಕೊಳ್ತೀರಿ?"

ಬೆಳಕು ಸರಿಯಾಗಿ ಹಿಡಿಯಿರಿ ಅಂತ ಗದರಿಸಿದೆ. ಬೆಳಕು ಸರಿಯಾಗಿಯೇ ಇತ್ತು. ಬೋಲ್ಟ್ ಬಿಗಿದು ಬಟನ್ ಒತ್ತಿದೆ, ಎಂಜಿನ್ ಒಂದೇ ಸಲಕ್ಕೆ ಹಿಡಿಯಿತು. ಗಾಡಿ ತೆಗೆದುಕೊಂಡು ಹೋದ. ಅಂಗಡಿ ಇದ್ದಕ್ಕಿದ್ದಂತೆ ದೊಡ್ಡದಾದ ಹಾಗೆ ಅನಿಸಿತು, ನನಗೆ ಅದು ಹಿಡಿಸಲಿಲ್ಲ.

ನಾಲ್ಕೇ ದಿನಕ್ಕೆ ಗಾಡಿ ವಾಪಸ್ ಬಂತು. ಬಟನ್ ಒತ್ತಿದರೆ ಬರೀ ಟಕ್ ಅನ್ನುತ್ತದೆ, ಲೈಟು ಮಂಕಾಗಿ ಉರಿಯುತ್ತದೆ. ಬೋಲ್ಟುಗಳನ್ನೆಲ್ಲ ಬಿಗಿದೆ, ಸರಿಯಾಯಿತು. ಮತ್ತೆ ಐದು ದಿನಕ್ಕೆ ಅದೇ ಕಥೆ. ಸ್ಟಾರ್ಟರಿಗೆ ಕರೆಂಟು ಬಿಡುವ ರಿಲೇ ಬದಲಾಯಿಸಿ ಎಲ್ಲವನ್ನೂ ಇನ್ನೊಮ್ಮೆ ಬಿಗಿದೆ, ಮತ್ತೆ ಸರಿಯಾಯಿತು. ನಾನು ಮಾಡಿದ ಕೆಲಸ ಹನ್ನೊಂದು ವರ್ಷದಲ್ಲಿ ಎರಡು ಸಲ ವಾಪಸ್ ಬಂದದ್ದಿಲ್ಲ. ಯಾರೋ ಬೇಕೆಂದೇ ಸಡಿಲ ಮಾಡುತ್ತಿದ್ದಾರೆ. ಯಾರು ಅನ್ನುವುದಕ್ಕೆ ಅಂಗೈ ಹುಣ್ಣಿಗೆ ಕನ್ನಡಿ ಬೇಕೇ?

ಹುಟ್ಟಿದಂದಿನಿಂದ ಉಗುರಿಗೆ ಬಣ್ಣ ಹಚ್ಚದ ನಾನು ಹೋಗಿ ಒಂದು ಕೆಂಪು ನೇಲ್ ಪಾಲಿಶ್ ತಂದೆ. ಒಂದೊಂದು ನಟ್ಟಿಗೂ ಅದರ ಬುಡಕ್ಕೂ ಸೇರಿಸಿ ಒಂದೊಂದು ಚುಕ್ಕೆ ಇಟ್ಟೆ. ಯಾರಾದರೂ ಸ್ಪ್ಯಾನರ್ ಹಾಕಿ ತಿರುಗಿಸಿದರೆ ಚುಕ್ಕೆ ಒಡೆಯುತ್ತದೆ, ಕಳ್ಳ ಸಿಕ್ಕಿಬೀಳುತ್ತಾನೆ. ಒಟ್ಟು ಇಪ್ಪತ್ತೊಂದು ಚುಕ್ಕೆ. ಒಣಗಿತೇ ಅಂತ ನೋಡಲು ನನ್ನ ಕಿರುಬೆರಳಿನ ಉಗುರಿಗೂ ಒಂದು ಇಟ್ಟುಕೊಂಡೆ.

"ಸಂಶಯ ಪಿಶಾಚಿ," ಅಂದ ಮಾವ, "ಆದರೆ ಬಣ್ಣ ಚೆನ್ನಾಗಿದೆ."

ಮೂರನೆಯ ಸಲ ಅವನು ಗಾಡಿಯನ್ನು ತಳ್ಳಿಕೊಂಡೇ ಬಂದ. ನಾನು ಚುಕ್ಕೆ ನೋಡುವವರೆಗೂ ಕಾಯಲಿಲ್ಲ. ಫ್ಯೂಸ್ ಅಂತ ಸುಮ್ಮನೆ ಹೆಸರಿಟ್ಟಿಲ್ಲ ನೋಡಿ.

"ನನ್ನನ್ನ ನೋಡೋಕೆ ಬರಬೇಕಿದ್ರೆ ಸೀದಾ ಬನ್ನಿ. ಹೀಗೆ ಗಾಡಿ ಕೆಡಿಸಿಕೊಂಡು ಬರಬೇಡಿ. ಇಂಥ ಆಟ ಆಡಿದವರನ್ನ ನಾನು ನೋಡಿದ್ದೀನಿ."

ಅವನು ಗಾಡಿಯಿಂದ ಕೈ ತೆಗೆದ. ಆಮೇಲೆ ಹೇಳಿದ, "ನಿನ್ನೆ ಅಕ್ಕ ಎಂಜಿನ್ ಆಫ್ ಆಗಿ ಟ್ರ್ಯಾಕ್ ಮಧ್ಯೆ ನಿಂತುಬಿಟ್ಟಳು, ಬಟನ್ ಒತ್ತಿದ್ರೆ ಬರೀ ಟಕ್. ಟ್ರ್ಯಾಕಿನ ಕೆಲಸದವರ ಎದುರಿಗೆ ನಾನು ಹೋಗಿ ಹಗ್ಗ ಎಳೆದುಕೊಟ್ಟೆ. ಎರಡು ವರ್ಷದಿಂದ ಅವಳು ಯಾವುದು ಬೇಡ ಅಂತಿದ್ದಳೋ ಅದೇ ಆಯ್ತು. ಭಾನುವಾರ ಒಂದೇ ಒಂದು ಸಲ ನೋಡ್ತಾಳಂತೆ, ಆಗಲಿಲ್ಲ ಅಂದ್ರೆ ಗಾಡಿ ಮಾರಿಬಿಡ್ತಾಳಂತೆ. ಇದನ್ನ ನಾನು ಕೆಡಿಸ್ತೀನಾ?"

ಸರಿಯಾದರೆ ಹೇಳಿ ಕಳಿಸಿ, ಬೇರೆ ಯಾರಾದರೂ ಬಂದು ಒಯ್ಯುತ್ತಾರೆ ಅಂದು ಹೊರಟುಹೋದ. ಅವನು ಹಿಂತಿರುಗಿ ನೋಡಲಿಲ್ಲ. ನಾನು ನೋಡುತ್ತಲೇ ಇದ್ದೆ.

ಕೈದೀಪ ನಾನೇ ಹಿಡಿದುಕೊಂಡು ಗಾಡಿಯ ಕೆಳಗೆ ನುಸುಳಿದೆ. ಹತ್ತು ಚುಕ್ಕೆ ಸರಿಯಿದ್ದವು. ಹದಿನೈದು, ಇಪ್ಪತ್ತು. ಕೊನೆಯದು ಕಪ್ಪು ಕೇಬಲ್ಲಿನ ಬೋಲ್ಟಿನದು, ಅದೂ ಒಡೆದಿರಲಿಲ್ಲ. ಬೋಲ್ಟ್ ಬಿಚ್ಚಿದೆ. ಕೇಬಲ್ಲಿನ ಉಂಗುರದ ಕೆಳಗೆ ಅವನ ನೀಲಿ ಬಣ್ಣ, ಹಚ್ಚಿದ ದಿನದ ಹಾಗೆಯೇ, ಒಂದು ಗೀರೂ ಇಲ್ಲದೆ ಹೊಳೆಯುತ್ತಿತ್ತು.

ಬ್ಯಾಟರಿಯಿಂದ ಹೊರಟ ಕರೆಂಟು ತಿರುಗಿ ಬರುವುದು ಚಾಸಿಯ ಕಬ್ಬಿಣದ ಮೂಲಕ. ಅದಕ್ಕೆ ನಾವು ಅರ್ತ್ ಅನ್ನುತ್ತೇವೆ. ಬಣ್ಣದ ಮೇಲೆ ಅರ್ತ್ ಕೂರಿಸಿದರೆ ಕರೆಂಟಿಗೆ ದಾರಿಯಿಲ್ಲ. ಮೊದಲು ಬಣ್ಣ ಕೆರೆಯಬೇಕು, ಕಬ್ಬಿಣ ಬೆಳ್ಳಗೆ ಕಾಣಬೇಕು. ಮಾವ ಮೊದಲನೆಯ ದಿನ ಕಲಿಸಿದ ಪಾಠ ಅದು. ನಾನು ಕೆರೆದೇ ಇರಲಿಲ್ಲ. ಬೋಲ್ಟಿನ ತಿರುಪು ಎಲ್ಲೋ ಒಂದಿಷ್ಟು ಕಬ್ಬಿಣಕ್ಕೆ ತಾಗಿಕೊಂಡು ಬಿಗಿದಾಗಲೆಲ್ಲ ಗಾಡಿ ಕೆಲಸ ಮಾಡಿತ್ತು, ಟ್ರ್ಯಾಕಿನಲ್ಲಿ ಅದುರಿದ ಕೂಡಲೆ ಕೈಕೊಟ್ಟಿತ್ತು. ಬೇರೆಯವರು ಮಾಡಿದ ಗಾಡಿಯಾಗಿದ್ದರೆ ಮೊದಲು ಬಿಚ್ಚಿ ನೋಡುತ್ತಿದ್ದದ್ದು ಅದನ್ನೇ. ಕುಣಿಯಲಾರದವಳು ನೆಲ ಡೊಂಕು ಅಂದಿದ್ದಳು.

ಮಾವನಿಗೆ ಹೇಳಿದೆ. ಅವನು ಕುರ್ಚಿಯನ್ನು ನನ್ನ ಕಡೆ ತಿರುಗಿಸಿದ. "ಬೋಲ್ಟ್ ಹಾಕುವಾಗ ಏನು ನೋಡ್ತಿದ್ದೆ ನೀನು?"

"ಅವನನ್ನ." ಒಂದು ಕ್ಷಣ ಬಿಟ್ಟು ಸೇರಿಸಿದೆ, "ಅನುಮಾನದಿಂದ."

"ಹೌದೌದು," ಅಂದ ಮಾವ, ನಗು ನುಂಗಿಕೊಂಡು.

ಸ್ಯಾಂಡ್ ಪೇಪರ್ ಕೈಗೆ ತೆಗೆದುಕೊಂಡೆ. ಎರಡು ನಿಮಿಷದ ಕೆಲಸ. ಕೆರೆದು ಮುಚ್ಚಿಬಿಟ್ಟರೆ ತಪ್ಪು ಯಾರದೆಂದು ಯಾರಿಗೂ ತಿಳಿಯುವುದಿಲ್ಲ. ಗಾಡಿ ಸರಿಯಾಯಿತು ಅಂತ ಹೇಳಿ ಕಳಿಸಿದರೆ ಮುಗಿಯಿತು, ಅವನು ಇನ್ನು ಬರುವುದೂ ಇಲ್ಲ. ಆ ಕೊನೆಯ ಮಾತು ಎದೆಗೆ ಚುಚ್ಚಿತು. ಸ್ಯಾಂಡ್ ಪೇಪರನ್ನು ಜೇಬಿಗೆ ಹಾಕಿಕೊಂಡೆ.

ಭಾನುವಾರ ಸಂಜೆ ಮಾವನ ಸಣ್ಣ ಟೆಂಪೋದಲ್ಲಿ ಗಾಡಿ ಹೇರಿಕೊಂಡು ನಾನೇ ಟ್ರ್ಯಾಕಿಗೆ ಹೋದೆ. ಜನ ಹೋಗಿಯಾಗಿತ್ತು. ಟೈರಿನ ಬೇಲಿಯ ಹತ್ತಿರ ಅವನಿದ್ದ. ಪಕ್ಕದಲ್ಲಿ ಅವನದೇ ಮೂಗು ಹೊತ್ತ ಒಬ್ಬ ಪುಟ್ಟ ಹೆಂಗಸು, ಬಲತೋಳನ್ನು ಮೈಗೆ ಒತ್ತಿಕೊಂಡು ನಿಂತಿದ್ದಳು. ತಲೆಯಲ್ಲಿ ಒಂದೇ ಕಡೆ ಕೆಂಪು ಕಲ್ಲಿನ ಕ್ಲಿಪ್ಪಿತ್ತು. ಅದರ ಜೋಡಿಯನ್ನು ಜೇಬಿನಿಂದ ತೆಗೆದು ಅವಳ ಕೈಗೆ ಕೊಟ್ಟೆ.

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ತಮ್ಮನನ್ನು ಕೇಳಿದಳು, "ಇವರೇನಾ?"

ನಾನು ಗಾಡಿಯ ಪಕ್ಕ ಕೂತು ಬೋಲ್ಟ್ ಬಿಚ್ಚಿ ಅವನನ್ನು ಕರೆದೆ.

"ತಪ್ಪು ನಂದು. ಇಲ್ಲಿ ಬಣ್ಣ ಕೆರೆದು ಅರ್ತ್ ಕೊಡಬೇಕಿತ್ತು. ಕೊಡದೆ, ನಿಮ್ಮ ಮೇಲೆ ಹಾಕಿದೆ. ನೀವು ಏನೂ ಮುಟ್ಟಿಲ್ಲ ಅಂತ ನನಗೀಗ ಗೊತ್ತು."

ಅವನು ಬಗ್ಗಿ ಆ ನೀಲಿಯನ್ನು ಬಹಳ ಹೊತ್ತು ನೋಡಿದ. "ಇದನ್ನ ಕೆರೀಬೇಕಿತ್ತಾ?" ಅಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಏನೋ ಕಳೆದುಕೊಂಡ ಹಾಗಿತ್ತು. "ನಾನು ಪೇಂಟ್ ಮಾಡಿದ್ದನ್ನ ಎಲ್ಲರೂ ಗೀರ್ತಾರೆ. ಮೆಕ್ಯಾನಿಕ್ಕು, ವೆಲ್ಡರು, ಎಲ್ಲರೂ. ನೀವೊಬ್ಬರೇ ಒಂದು ಗೀರೂ ಬೀಳದ ಹಾಗೆ ಬೋಲ್ಟ್ ಕೂರಿಸಿದ್ರಿ. ಅವತ್ತೇ ಅಂದ್ಕೊಂಡೆ..."

"ಮನೆಗೆ ಬಂದು ಊಟಾನೂ ಮಾಡದೆ ಅದನ್ನೇ ಹೇಳ್ತಾ ಕೂತಿದ್ದ," ಅಂದಳು ಅಕ್ಕ. "ಅವರ ಕೈಗೆ ಏನು ಕೊಟ್ಟರೂ ಜೋಪಾನ ಅಂತ."

ಅಲ್ಲಿಗೆ ಸುಮ್ಮನಿದ್ದುಬಿಟ್ಟಿದ್ದರೆ ಆ ಮೆಚ್ಚುಗೆ ನನ್ನದಾಗಿಯೇ ಉಳಿಯುತ್ತಿತ್ತು. ಆದರೆ ಸುಳ್ಳಿನ ಮೇಲೆ ಕೂರಿಸಿದ್ದು ಎಷ್ಟು ದಿನ ನಿಲ್ಲುತ್ತದೆ ಅಂತ ಈ ಗಾಡಿಯಲ್ಲೇ ನೋಡಿಯಾಗಿತ್ತು.

"ಅದು ಜೋಪಾನ ಅಲ್ಲ," ಅಂದೆ. "ಮರೆವು. ಹನ್ನೊಂದು ವರ್ಷದಲ್ಲಿ ಅದೊಂದೇ ಸಲ ಮರೆತಿದ್ದು. ನಿಮ್ಮನ್ನ ನೋಡ್ತಾ ಮರೆತೆ."

ಅವನು ಕೆಳಗೆ ನೋಡಿದ. ಅವನಿಗೆ ನಗು ಬಂದಿದೆ ಅಂತ ನನಗೆ ಗೊತ್ತಾಯಿತು.

"ನಿಮ್ಮಿಬ್ಬರದು ಮುಗಿದಿದ್ರೆ ನನ್ನ ಗಾಡಿ ನೋಡ್ತೀರಾ?" ಅಂದಳು ಅಕ್ಕ.

ಜೇಬಿನಿಂದ ಸ್ಯಾಂಡ್ ಪೇಪರ್ ತೆಗೆದೆ. ಅವನು ಕೈ ಚಾಚಿ ಈಸಿಕೊಂಡು ತಾನೇ ಕೆರೆಯಲು ಕೂತ. ನಾನು ದೀಪ ಹಿಡಿದೆ. ಅವನು ಬಳಿದ ಬಣ್ಣವನ್ನು ಅವನೇ, ಒಂದು ರೂಪಾಯಿ ನಾಣ್ಯದಗಲ, ಕಬ್ಬಿಣ ಬೆಳ್ಳಗಾಗುವವರೆಗೆ ಕೆರೆದ. ಕೆರೆಯುವಾಗ ಕೆಳತುಟಿ ಕಚ್ಚಿಕೊಂಡಿದ್ದ. ನಾನು ಕೇಬಲ್ ಕೂರಿಸಿ ಬೋಲ್ಟ್ ಬಿಗಿದೆ. ಈ ಸಲ ಬೋಲ್ಟನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ, ಅದಕ್ಕೆ ಎಷ್ಟು ಕಷ್ಟಪಟ್ಟೆನೋ ನನಗೇ ಗೊತ್ತು.

ಅಕ್ಕ ಸೀಟಿನಲ್ಲಿ ಕೂತು ಎಡಗೈ ಹೆಬ್ಬೆರಳನ್ನು ಹಸಿರು ಬಟನ್ ಮೇಲಿಟ್ಟಳು. ಕಣ್ಣು ಮುಚ್ಚಿಕೊಂಡಳು. ಒತ್ತಿದಳು. ಎಂಜಿನ್ ಕೆಮ್ಮಲೂ ಇಲ್ಲ, ನೇರ ಹಿಡಿಯಿತು. ಆಫ್ ಮಾಡಿ ಇನ್ನೊಮ್ಮೆ ಒತ್ತಿದಳು, ಮತ್ತೂ ಒಮ್ಮೆ. ಯಾರ ಕಡೆಗೂ ನೋಡದೆ, ಕಣ್ಣು ಒರೆಸಿಕೊಂಡು, ಲೈಟು ಹಾಕಿಕೊಂಡು ಹೊರಟುಹೋದಳು.

ನಾವಿಬ್ಬರೂ ಟೈರಿನ ಬೇಲಿಗೆ ಒರಗಿ ನಿಂತೆವು. ಅಕ್ಕನ ಮೊದಲನೆಯ ಸುತ್ತಿನಲ್ಲಿ ನಮ್ಮ ನಡುವೆ ಒಂದು ಮೊಳ ಅಂತರವಿತ್ತು, ಎರಡನೆಯದರಲ್ಲಿ ಅಷ್ಟಿರಲಿಲ್ಲ.

"ಆ ಕೆಂಪು ಚುಕ್ಕೆಗಳು," ಅಂದ ಅವನು, "ನನ್ನ ನೀಲಿಗೆ ಚೆನ್ನಾಗಿ ಒಪ್ಪುತ್ತಿದ್ದವು. ಅಂದಕ್ಕೆ ಹಾಕಿದ್ದೀರಿ ಅಂದ್ಕೊಂಡಿದ್ದೆ."

"ಕಳ್ಳನ್ನ ಹಿಡಿಯೋಕೆ ಹಾಕಿದ್ದೆ."

"ಈಗ ಅನುಮಾನ ಎಲ್ಲ ತೀರಿತಾ?"

"ಒಂದು ಉಳಿದಿದೆ." ಅಂದೆ, ಟ್ರ್ಯಾಕಿನ ಕಡೆಗೇ ನೋಡುತ್ತ. "ನಾಳೆ ಈ ಗಾಡಿ ಕೆಡಲ್ಲ. ನಾಡಿದ್ದೂ ಕೆಡಲ್ಲ. ಆಗ ನೀವು ಯಾಕೆ ಬರ್ತೀರಿ?"

ಅವನು ನನ್ನ ಕೈ ತೆಗೆದುಕೊಂಡು ಕಿರುಬೆರಳನ್ನು ಬೆಳಕಿದ್ದ ಕಡೆಗೆ ತಿರುಗಿಸಿದ. ಉಗುರಿನ ಮೇಲೆ ಆ ಕೆಂಪು ಚುಕ್ಕೆ ಇನ್ನೂ ಇತ್ತು. ಅದರ ಅಂಚನ್ನು ಹೆಬ್ಬೆರಳಿನಿಂದ ಸವರಿ ನೋಡಿದ.

"ಸೀದಾ ಬರೋಕೆ ನೀನೇ ಹೇಳಿದ್ದೆಯಲ್ಲ," ಅಂದ. ಕೈ ಬಿಡಲಿಲ್ಲ.

ಎದುರುಗಡೆಯ ನೇರ ದಾರಿಯಲ್ಲಿ ಅಕ್ಕ ಹೋಗುತ್ತಿದ್ದಳು. ಅಲ್ಲಿ ತಿರುವಿಲ್ಲ, ಅಡ್ಡ ಬರುವವರಿಲ್ಲ. ಆದರೂ ಅವಳ ತಲೆ ನಮ್ಮ ಕಡೆ ತಿರುಗಿತು, ಹಿಂದಿನ ಬ್ರೇಕ್ ಲೈಟು ಪಕ್ಕನೆ ಹೊತ್ತಿತು, ಮತ್ತೆ ತುಂಬ ಹೊತ್ತು ಆರಲೇ ಇಲ್ಲ.