ತಾನೇ ಮೇಲೆದ್ದ ಸ್ಕ್ರೂ

"ಈ ಸ್ಕ್ರೂ ಹೊಡದ ಕೈ ಯಾರದೈತಿ? ನಾ ನೋಡಬೇಕು!"

ಜತ್ತದ ಬಸ್‌ಸ್ಟ್ಯಾಂಡಿನ ಹಿಂದಿದ್ದ ವರ್ಕ್‌ಶಾಪಿನಲ್ಲಿ ಸುತ್ತಿಗೆಗಳು ಒಮ್ಮೆಲೇ ನಿಂತವು. ಬಾಗಿಲಲ್ಲಿ ನಿಂತವಳು ಬೆಳುಂಕಿಯ ಕುರಿಗಾರ ಧೂಳಪ್ಪನ ಮಗಳು ಹಾಲವ್ವ. ಬಗಲಲ್ಲಿ ಉಣ್ಣೆ ನೂಲುವ ರಾಟಿ, ಮೂಗಿನ ತುದಿಯಲ್ಲಿ ಸಿಟ್ಟು!

"ಆ ಕೈ ನಂದರಿ," ಎಂದ ಅಲ್ಲಿ ಕೆಲಸಕ್ಕಿದ್ದ ಲಗಮಣ್ಣ.

ಹಿಂದಿನ ಸಂತೆಯ ದಿನ ಅವಳ ಅಪ್ಪ ತಂದಿದ್ದ ರಾಟಿ ಅದು. ಲಗಮಣ್ಣ ಅದರ ಒಡೆದ ಹಲಗೆಗೆ ಕಬ್ಬಿಣದ ಪಟ್ಟಿ ಇಟ್ಟು ಸ್ಕ್ರೂ ಬಿಗಿದು ಕಳಿಸಿದ್ದ. ಹಲಗೆಯೇನೋ ಗಟ್ಟಿಯಾಯಿತು. ಆದರೆ ಉಬ್ಬಿ ನಿಂತ ಸ್ಕ್ರೂ ತಲೆಗಳಿಗೆ ಎಳೆ ಸಿಕ್ಕಿ ಹರಿಯುತ್ತಿತ್ತು.

"ಗಂಟ ಹಾಕಿದ್ರ ಆತಲ್ರಿ?"

"ಇದು ಮದಿವಿ ಕಂಬಳಿ ನೂಲರಿ. ಗಂಟ ಇರಬಾರ್ದು!"

ಮದುವೆ... ಲಗಮಣ್ಣನ ಎದೆಯಲ್ಲಿ ಏನೋ ಚುಚ್ಚಿತು. ಸಿಟ್ಟಿನಲ್ಲೂ ಇಷ್ಟು ಚೆಂದ ಕಾಣುವವಳು ಯಾರ ಪಾಲಾಗಿದ್ದಾಳೋ!

ಅರವತ್ತೆಂಟರ ಆ ದಿನಗಳಲ್ಲಿ ಅಂಗಡಿಗೆ ಕರೆಂಟ್ ಇರಲಿಲ್ಲ. ಪಟ್ಟಿ ಬಿಚ್ಚಿ, ಅಗಲ ತುದಿಯ ಬಿಟ್ ಹಾಕಿ, ಕೈ ಡ್ರಿಲ್ ತಿರುಗಿಸತೊಡಗಿದ. ಒಂದೊಂದು ತೂತಿನ ಬಾಯಿಯನ್ನೂ ಇಳಿಜಾರಾಗಿ ಅಗಲ ಮಾಡಿದ. ಸ್ಕ್ರೂ ಇಳಿಸಿ ನೋಡಿದ, ತೆಗೆದ, ಮತ್ತಷ್ಟು ಕೊರೆದ. ಕೊನೆಗೆ ತಲೆಗಳೆಲ್ಲ ಪಟ್ಟಿಯೊಳಗೆ ಸಮನಾಗಿ ಕೂತವು.

"ಕೈ ಆಡಿಸಿ ನೋಡ್ರಿ."

ಹಾಲವ್ವ ಅಂಗೈ ಆಡಿಸಿದಳು. ಎಲ್ಲೂ ತಡೆಯಲಿಲ್ಲ. ಸಿಟ್ಟು ಇಳಿದು ಮೆಚ್ಚುಗೆ ಬಾಯಿಗೆ ಬಂತು. ಆದರೆ ಅವನು ಆಗಲೇ ಬೆನ್ನು ತಿರುಗಿಸಿದ್ದ.

'ಎಷ್ಟ ಚಲೋ ಕೆಲಸ... ಎಷ್ಟ ಬಿಗಿ ಮಾರಿ!'

ಮನೆಯಲ್ಲಿ ಎಳೆ ಹರಿಯದೆ ಓಡತೊಡಗಿತು. ಮನಸ್ಸು ಮಾತ್ರ ಆ ವರ್ಕ್‌ಶಾಪಿನಲ್ಲೇ ಸಿಕ್ಕಿಕೊಂಡಿತ್ತು. ಹೋಗಲು ನೆಪ ಬೇಕಲ್ಲ? ರಾಟಿಗೆ ಒಂದು ಕುಂದಾದರೂ ಇದ್ದರೆ ತಾನೇ!

ಒಂದು ಸಂಜೆ ಸಂತೆಯಿಂದ ಬಂದ ಧೂಳಪ್ಪ ಹೇಳಿದ: "ಆ ಬಾಲಗಾಂವದ ಲಗಮಣ್ಣ ಮಿರಜಿಗಿ ಹೊಂಟಾನಂತ. ಕಾರಖಾನ್ಯಾಗ ಕೆಲಸ ಸಿಕ್ಕೈತಂತ. ನಾಳಿಗೇ ಹೋಗ್ತಾನಂತ."

ಹಾಲವ್ವನ ಕೈಯಿಂದ ಉಣ್ಣೆ ಜಾರಿತು. ರಾಟಿಯ ಸ್ಕ್ರೂಗಳನ್ನೇ ನೋಡಿದಳು. ಆಮೇಲೆ ಕುರಿ ಉಣ್ಣೆ ಕತ್ತರಿಸುವ ಕತ್ತರಿಯನ್ನು ಕೈಗೆತ್ತಿಕೊಂಡಳು...

ಮರುದಿನ ಮೊದಲ ಬಸ್ಸಿಗೇ ಜತ್ತಕ್ಕೆ ಬಂದಾಗ ಲಗಮಣ್ಣ ಗಂಟುಮೂಟೆ ಕಟ್ಟುತ್ತಿದ್ದ.

"ಒಂದ್ ಸ್ಕ್ರೂ ತಾನ ಮ್ಯಾಲೆದ್ದೈತ್ರಿ."

ಅವನು ಸ್ಕ್ರೂವಿನ ತಲೆಯ ಮೇಲೆ ಹೆಬ್ಬೆರಳು ಸವರಿದ. ಗೀರುಗಳು!

"ಇದು ತಾನ ಎದ್ದಿಲ್ಲರಿ. ಯಾರೋ ಕತ್ತರಿ ತುದೀಲೆ ತಿರುವ್ಯಾರ."

ಹಾಲವ್ವನ ಕಿವಿಗಳು ಕೆಂಪಾದವು.

"ಹಿಂಗ್ಯಾಕ ಮಾಡಿದ್ರಿ? ನಿಮ್ಮ ಮದಿಮಗಗ ಗೊತ್ತಾದ್ರ..."

"ಯಾವ ಮದಿಮಗ?" ಅವಳು ತಲೆಯೆತ್ತಿದಳು. "ನಮ್ಮ ಮನ್ಯಾಗ ಮೊದಲ ಕಂಬಳಿ ನೂಲು ಮುಗೀಬೇಕು. ವರ ನೋಡೂದು ಆಮ್ಯಾಲ. ನನಗಿನ್ನಾ ಯಾರನ್ನೂ ನೋಡಿಲ್ಲ!"

ಲಗಮಣ್ಣ ಕಟ್ಟಿದ್ದ ಗಂಟನ್ನು ಕೆಳಗಿಟ್ಟ. ಅವನದೂ ಕುರಿಗಾರರ ಮನೆಯೇ. ಆದರೆ ತಾಯಿಯಿಲ್ಲದೆ ಬೆಳೆದವನಿಗೆ ಇದನ್ನೆಲ್ಲ ಹೇಳುವವರು ಯಾರಿದ್ದರು?

"ನೀವು ಬ್ಯಾರೇವ್ರ ಪಾಲಾದ್ರಿ ಅಂತ ತಿಳಕೊಂಡ ಊರ ಬಿಡಾಕ ಹೊಂಟಿದ್ದೆ..." ಅವನು ಅವಳ ಮುಂದೆ ಬಂದು ನಿಂತ. "ಹಾಲವ್ವಾ, ನಮ್ಮ ಅಪ್ಪನ್ನ ನಿಮ್ಮ ಮನಿಗಿ ಕಳಸ್ಲಾ?"

ಅವಳ ಕಣ್ಣು ತುಂಬಿ ಬಂತು.

"ನೂಲು ಇನ್ನಾ ಮುಗದಿಲ್ಲ."

"ಮತ್ತ?"

ಹಾಲವ್ವ ರಾಟಿಯನ್ನು ಅವನ ಮುಂದೆ ಸರಿಸಿ, ಕಣ್ಣೊರೆಸಿಕೊಂಡು ನಕ್ಕಳು.

"ಆ ಸ್ಕ್ರೂ ಲಗೂನ ಕೂಡಸ್ರಿ!"